ಸೋರಿಕೆ ನಿಂತ ಮೇಲೆ

ಹುಲಿಗೆಮ್ಮ ಊಟ ಮುಗಿಸಿ ಎದ್ದಾಗ ಅವಳು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೀರು ನಿಂತಿತ್ತು. ಲೋಟ ಉರುಳಿರಬೇಕೆಂದು ಮಗಳು ಧನ್ಯಶ್ರೀ ಬಟ್ಟೆ ತಂದು ಒರೆಸತೊಡಗಿದಳು. ಒರೆಸುತ್ತಿದ್ದ ಕೈ ನಡುವೆಯೇ ನಿಂತಿತು. ಅಮ್ಮನ ತಟ್ಟೆಯ ಪಕ್ಕದಲ್ಲಿ ಲೋಟವೇ ಇರಲಿಲ್ಲ.

ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದ ಸೊಸೆಗೆ ಅತ್ತೆ ಕರಿಬಸಮ್ಮ ಬಾಣಂತಿಯ ಪಥ್ಯವನ್ನೇ ಹಿಡಿಸಿದ್ದಳು. ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಬದನೆಕಾಯಿ ನಂಜು, ಮೊಸರು ಶೀತ. ನೀರಂತೂ ಗಂಟಲು ನೆನೆಯುವಷ್ಟು, ಅದೂ ಊಟವಾಗಿ ಬಹಳ ಹೊತ್ತಿನ ಮೇಲೆ.

"ಅಜ್ಜಿ, ಅಮ್ಮಂಗೆ ನೀರು ಕೊಟ್ಟಿದ್ಯಾ ನೀನು?"

"ಹಸೀ ಮೈಗೆ ಯಾರಾದ್ರೂ ನೀರು ಕೊಡ್ತಾರೇನೇ? ಊತ ಬಂದ್ಬಿಡ್ತದೆ."

"ಹಂಗಾದ್ರೆ ಇದೆಲ್ಲಿಂದ ಬಂತು?"

ಕರಿಬಸಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸೊಸೆಯ ಹಾಸಿಗೆಯ ಕಂಬಳಿಯನ್ನು ಅವಳು ಹಿಂದಿನ ದಿನವೇ ಯಾರಿಗೂ ಹೇಳದೆ ಬಿಸಿಲಿಗೆ ಹಾಕಿದ್ದಳು. ಹುಲಿಗೆಮ್ಮ ಆಗಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು.

ಅಜ್ಜಂಪುರದ ಸಂತೆ ಬೀದಿಯ ಹಿಂದಿನ ಆ ಮನೆಯಲ್ಲಿ ಅಳುಕು ಎಂಬುದು ಹೊಸದು. ಹುಲಿಗೆಮ್ಮ ಕಡೂರು ಡಿಪೋದ ಕಂಡಕ್ಟರ್. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಎಂದು ವರ್ಷಗಟ್ಟಲೆ ಓಡಾಡಿದವಳು. ಅವಳು ಹಿಂದಿನ ಬಾಗಿಲಲ್ಲಿ ನಿಂತು ಒಮ್ಮೆ ದನಿ ಎತ್ತಿದರೆ ಮುಂದಿನ ಸೀಟಿನಲ್ಲಿ ನಿದ್ದೆ ಹೋದವನೂ ಟಿಕೆಟ್‌ಗೆ ಜೇಬು ತಡಕುತ್ತಿದ್ದ. ಗಂಡ ರವಿಕುಮಾರ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಎರಡು ವರ್ಷದಿಂದ ಅವಳಿಗೆ ವಿಪರೀತ ಮುಟ್ಟು. ನಿಂತು ಕೆಲಸ ಮಾಡುವುದು ಕಷ್ಟವಾಗಿ, ಕೊನೆಗೆ ಪಕ್ಕದ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶವನ್ನೇ ತೆಗೆಸಿದ್ದರು. ಹೊಟ್ಟೆಯ ಹೊಲಿಗೆ ಗೆರೆ ಎಳೆದಂತೆ ಕೂಡಿತ್ತು. ಎಲ್ಲವೂ ಮುಗಿಯಿತು ಎನ್ನುವಾಗ ಈ ಒದ್ದೆ ಶುರುವಾಗಿತ್ತು.

ಬಚ್ಚಲಿನಿಂದ ಬಂದವಳನ್ನು ಧನ್ಯಶ್ರೀ ಬಿಡಲಿಲ್ಲ. ಅವಳು ತರೀಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ನಾಲಿಗೆ ಮಾತ್ರ ಅಜ್ಜಿಯದು.

"ಇದು ಮೂತ್ರಾನೇ ಅಮ್ಮ. ವಾಸ್ನೆ ನೋಡು."

"ಮೂತ್ರಕ್ಕೆ ನಾನು ಹೊತ್ತೊತ್ತಿಗೆ ಹೋಗೇ ಬತ್ತೀನಲ್ಲೇ. ಮೊದ್ಲಿನ ಹಂಗೇ ಆಗ್ತದೆ. ಅಲ್ಲೂ ಅದೇ, ಇಲ್ಲೂ ಅದೇ ಅಂದ್ರೆ ಎರಡೆರಡು ದಾರಿ ಐತಾ ನಂಗೆ?"

ಆ ಮನೆಯ ಗೊಂದಲದ ಬೇರೇ ಅಲ್ಲಿತ್ತು. ಮೂತ್ರ ಕಟ್ಟಿದ್ದರೆ ರೋಗವೆನ್ನಬಹುದಿತ್ತು. ತಡೆಯಲಾಗದೆ ಎಲ್ಲವೂ ಹೋಗುತ್ತಿದ್ದರೂ ಹೆಸರಿಡಬಹುದಿತ್ತು. ಇದು ಎರಡೂ ಅಲ್ಲ. ಕರಿಬಸಮ್ಮ ತನಗೆ ತಿಳಿದ ಹೆಸರಿಟ್ಟಳು, ಬಿಳಿ ಹೋಗುತ್ತಿದೆ ಎಂದಳು. ಮೈಯ ಉಷ್ಣಕ್ಕೆಂದು ಮೆಂತ್ಯ ನೆನೆಸಿ ಕೊಟ್ಟಳು. ನರ್ಸಿಂಗ್ ಹೋಮಿಗೆ ಫೋನ್ ಮಾಡಿದಾಗ ಎತ್ತಿದ ನರ್ಸು ಸ್ವಲ್ಪ ದಿನ ಹಾಗಿರುತ್ತದೆ, ಭಾರ ಎತ್ತಬೇಡಿ ಎಂದಳು. ರವಿಕುಮಾರನಿಗೆ ಹೆಂಗಸರು ಏನನ್ನೂ ಹೇಳಲಿಲ್ಲ. ಹಿತ್ತಲಿನ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಹಳೆಯ ಸೀರೆಯ ತುಂಡುಗಳನ್ನು ನೋಡಿ ಅವನೇ ಒಮ್ಮೆ, ಯಾವ ಪಕ್ಷದ ಬಾವುಟ ಇವು ಎಂದು ಕೇಳಿದ. ಯಾರೂ ನಗಲಿಲ್ಲ.

ಹುಲಿಗೆಮ್ಮ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ಡ್ಯೂಟಿಯ ಮೇಲಿರುವ ಹೆಣ್ಣು ಕಂಡಕ್ಟರ್ ನೀರು ಕುಡಿಯುವುದಿಲ್ಲ. ಒಂದು ಬಸ್ ನಿಲ್ದಾಣದ ಶೌಚಾಲಯಕ್ಕೆ ಚಿಲಕವಿಲ್ಲ, ಇನ್ನೊಂದಕ್ಕೆ ನೀರಿಲ್ಲ, ಮತ್ತೊಂದರಲ್ಲಿ ಎಲ್ಲ ಇದ್ದರೂ ಬಸ್ ನಿಲ್ಲುವುದು ಎರಡೇ ನಿಮಿಷ. ಬೆಳಿಗ್ಗೆ ಬಸ್ ಹತ್ತುವ ಮೊದಲು ಎರಡು ಗುಟುಕು, ಮತ್ತೆ ಡಿಪೋಗೆ ಮರಳಿದ ಮೇಲೆಯೇ ತಂಬಿಗೆ. ಆ ಚಾಳಿ ಈಗ ನೆರವಿಗೆ ಬಂತು. ಬಾಯಿ ಕಟ್ಟಿದಷ್ಟೂ ಬಟ್ಟೆ ಕಡಿಮೆ ಒದ್ದೆಯಾಯಿತು. ಅತ್ತೆಯ ಪಥ್ಯವೂ ಸೊಸೆಯ ಚಾಳಿಯೂ ಒಂದೇ ಮಾತು ಹೇಳಿದಾಗ ಅನುಮಾನಪಡಲು ಯಾರು ಉಳಿದರು?

ಧನ್ಯಶ್ರೀ ಉಳಿದಿದ್ದಳು. ಅಜ್ಜಿ ದೇವಸ್ಥಾನಕ್ಕೆ ಹೋದ ಒಂದು ಸೋಮವಾರ ಅಮ್ಮನನ್ನು ಹೊರಡಿಸಿಕೊಂಡು ತರೀಕೆರೆಯ ಡಾಕ್ಟರ್ ಶ್ರೀವಾಣಿಯವರ ಬಳಿಗೆ ಕರೆದೊಯ್ದಳು. ದಾರಿಯಲ್ಲಿ ಹುಲಿಗೆಮ್ಮ ತನ್ನದೇ ಡಿಪೋದ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದಳು.

ಶ್ರೀವಾಣಿ ಮೂತ್ರದ ಚೀಲಕ್ಕೆ ನೀಲಿ ಬಣ್ಣದ ನೀರು ತುಂಬಿ, ಯೋನಿಯೊಳಗೆ ಹತ್ತಿ ಇಟ್ಟು ಪರೀಕ್ಷಿಸಿದರು. ಹೊರಗೆ ತೆಗೆದಾಗ ಹತ್ತಿ ತೊಯ್ದಿತ್ತು, ಆದರೆ ನೀಲಿಯಾಗಿರಲಿಲ್ಲ. ನೀಲಿ ಬರಲಿಲ್ಲ ಎಂದ ಕೂಡಲೇ ಹುಲಿಗೆಮ್ಮ ಸೆರಗು ಸರಿಪಡಿಸಿಕೊಂಡು ಎದ್ದುಬಿಟ್ಟಿದ್ದಳು. ಡಾಕ್ಟರ್ ಅವಳನ್ನು ಮತ್ತೆ ಕೂರಿಸಿ, ಸಿ.ಟಿ. ಸ್ಕ್ಯಾನ್ ತೆಗೆಸಿ, ಆಮೇಲೆ ಒಂದು ಚಿತ್ರ ಬರೆದು ತೋರಿಸಿದರು. ಚೀಲದಲ್ಲಿ ತೂತಿಲ್ಲ. ಆದರೆ ಎರಡು ಮೂತ್ರಪಿಂಡಗಳಿಂದ ಚೀಲಕ್ಕೆ ಒಂದೊಂದು ನಾಳ ಇಳಿಯುತ್ತದೆ. ಎಡಗಡೆಯ ನಾಳ ಚೀಲ ಸೇರುವ ಸ್ವಲ್ಪ ಮೇಲೆ ಆಪರೇಷನ್ ಹೊತ್ತಿನಲ್ಲಿ ಗಾಯಗೊಂಡಿದೆ. ಬಲಗಡೆಯದು ಸರಿಯಾಗಿ ಚೀಲಕ್ಕೆ ಬಂದು ಎಂದಿನಂತೆ ಹೋಗುತ್ತಿದೆ, ಎಡಗಡೆಯದು ದಾರಿಯಲ್ಲೇ ಸೋರಿ ಯೋನಿಯ ಮೂಲಕ ಹೊರಬರುತ್ತಿದೆ. ಬೆಂಗಳೂರಿಗೆ ಹೋಗಬೇಕು, ಮೊದಲು ಒಳಗಿಂದಲೇ ಕೊಳವೆ ತೂರಿಸಿ ನೋಡುತ್ತಾರೆ, ಆಗದಿದ್ದರೆ ಹಾಳಾದ ತುದಿಯನ್ನು ಕತ್ತರಿಸಿ ನಾಳವನ್ನು ಚೀಲಕ್ಕೆ ಹೊಸದಾಗಿ ಸೇರಿಸುತ್ತಾರೆ. ಈಗ ಅದನ್ನು ರೋಬೋಟ್ ನೆರವಿನಿಂದ ಮಾಡುತ್ತಾರೆ.

ಆ ಕೊನೆಯ ಮಾತು ಅಜ್ಜಂಪುರದ ಮನೆಯಲ್ಲಿ ಪಟಾಕಿಯಂತೆ ಸಿಡಿಯಿತು. ರವಿಕುಮಾರ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು, ಇಷ್ಟು ದಿನ ತನಗೇಕೆ ಹೇಳಲಿಲ್ಲವೆಂದು ತಾಯಿಯ ಮೇಲೆ ಹರಿಹಾಯ್ದ. ಹೆಂಗಸರ ವಿಷಯ ಗಂಡಸರಿಗೇಕೆ ಎಂದು ಅವಳು ತಿರುಗಿ ಕೇಳಿದಳು. ನರ್ಸಿಂಗ್ ಹೋಮಿನ ತಪ್ಪೇ, ಮೈಯ ದೋಷವೇ, ಯಾರನ್ನು ಹಿಡಿದು ಕೇಳುವುದೆಂದು ತಂದೆ ಮಗಳ ನಡುವೆ ಇನ್ನೊಂದು ವಾದ ನಡೆಯಿತು.

"ಮನುಷ್ಯರು ಮುಟ್ಟಿದ್ದಕ್ಕೇ ಹಿಂಗಾಗೈತೆ," ಎಂದಳು ಕರಿಬಸಮ್ಮ. "ಇನ್ನು ಮಿಷನ್ನು ಮುಟ್ಟಿದ್ರೆ ಉಳಿಯಾದುಂಟಾ?"

ಆದರೂ ದಿನ ಗೊತ್ತಾಯಿತು. ರೈಲಿಗೆ ಟಿಕೆಟ್ ಮಾಡಿದ್ದಾಯಿತು. ಹೊರಡುವುದಕ್ಕೆ ಇನ್ನು ಸ್ವಲ್ಪವೇ ದಿನವಿರುವಾಗ, ಒಂದು ಬೆಳಿಗ್ಗೆ ಹುಲಿಗೆಮ್ಮ ಎದ್ದು ಹಾಸಿಗೆ ಮುಟ್ಟಿ ನೋಡಿದಳು.

ಒಣಗಿತ್ತು.

ಮೊದಲು ಅವಳು ನಂಬಲಿಲ್ಲ. ಬಟ್ಟೆ ಬದಲಾಯಿಸಿ ಮಧ್ಯಾಹ್ನದವರೆಗೆ ಕಾದಳು. ಬಟ್ಟೆ ಒಗೆದಳು, ಅಂಗಳ ಗುಡಿಸಿದಳು, ಬೇಕೆಂದೇ ಕೆಮ್ಮಿದಳು. ಒಂದು ಹನಿಯೂ ಇಲ್ಲ. ಅತ್ತೆಗೆ ಹೇಳಿದಾಗ ಕರಿಬಸಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದಳು. ಮರುದಿನ ಒಬ್ಬಟ್ಟಾಯಿತು. ಪಕ್ಕದ ಮನೆಯ ಹನುಮಂತಮ್ಮನಿಗೂ ಎರಡು ಹೋಯಿತು, ಜೊತೆಗೆ ಮೆಣಸಿನ ಸಾರಿನ ಮಹಿಮೆಯೂ ಹೋಯಿತು. ರೈಲಿನ ಟಿಕೆಟ್ ರದ್ದಾಯಿತು. ಒಮ್ಮೆ ತೋರಿಸಿಕೊಂಡಾದರೂ ಬರೋಣ ಎಂದ ಧನ್ಯಶ್ರೀಯನ್ನು ಈ ಸಲ ಅಮ್ಮನೇ ಗದರಿಸಿದಳು. ಗುಣವಾದ ಮೈಯನ್ನು ಕೊಯ್ಯಲು ಕೊಡುವ ಹುಚ್ಚು ತನಗಿಲ್ಲವೆಂದಳು.

ತಿಂಗಳು ಕಳೆಯಿತು. ಹುಲಿಗೆಮ್ಮ ಮೈತುಂಬಿಕೊಂಡಳು, ಅಡುಗೆಮನೆಗೆ ಮರಳಿದಳು, ಮುದ್ದೆ ತಿರುವಿದಳು. ಎಡ ಸೊಂಟದ ಮೇಲೆ ಆಗಾಗ ಒಂದು ಮಂದ ನೋವು ಬಂದು ಕೂರುತ್ತಿತ್ತು. ಸಾಗುವ ಬಸ್ಸಿನಲ್ಲಿ ಅವಳು ಯಾವಾಗಲೂ ಎಡ ಸೊಂಟವನ್ನೇ ಸೀಟಿನ ಕಂಬಿಗೆ ಆನಿಸಿ ಟಿಕೆಟ್ ಹರಿಯುತ್ತಿದ್ದವಳು. ಹಳೆಯ ನೋವು ಎಂದು ಎಣ್ಣೆ ಹಚ್ಚಿಸಿಕೊಂಡಳು.

ಕೆಲಸಕ್ಕೆ ಮರಳಲು ಕಡೂರಿಗೆ ಹೋದಾಗ ಡಿಪೋದಲ್ಲಿ ಡ್ಯೂಟಿ ಹಂಚುವ ಕಾಂತರಾಜು ಎದ್ದು ನಿಂತು ಸ್ವಾಗತಿಸಿದ. ಅವಳಿಲ್ಲದೆ ಪಾಸಿನ ಹುಡುಗರಿಗೆಲ್ಲ ಕೋಡು ಬಂದಿದೆ ಎಂದ. ಆದರೆ ದೊಡ್ಡ ಆಪರೇಷನ್ನಿನ ರಜೆಯಾದ್ದರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಡ್ಯೂಟಿ ಕೊಡುವಂತಿಲ್ಲವೆಂದೂ ಹೇಳಿದ. ಸರ್ಟಿಫಿಕೇಟಿಗೆ ಶ್ರೀವಾಣಿ ಸ್ಕ್ಯಾನಿಂಗ್ ಕೇಳಿದರು. ಸೋರುವುದು ನಿಂತಿದೆ ಎಂದು ಹುಲಿಗೆಮ್ಮ ಹೆಮ್ಮೆಯಿಂದ ಹೇಳಿದಾಗ ಡಾಕ್ಟರ್ ಹುಬ್ಬು ಸ್ವಲ್ಪ ಮೇಲೆ ಹೋಗಿದ್ದನ್ನು ಅವಳು ಗಮನಿಸಿದಳು, ಆದರೆ ಸಂತೋಷದ ಹುಬ್ಬು ಎಂದುಕೊಂಡಳು.

ಸ್ಕ್ಯಾನಿಂಗ್‌ಗೆ ಮೂತ್ರದ ಚೀಲ ತುಂಬಿರಬೇಕು. ನರ್ಸು ಒಂದು ದೊಡ್ಡ ಬಾಟಲಿ ನೀರು ಕೊಟ್ಟು ಅಷ್ಟನ್ನೂ ಕುಡಿಯಲು ಹೇಳಿದಳು. ಹುಲಿಗೆಮ್ಮ ಬಾಟಲಿಯನ್ನು ಎತ್ತಿ ಅಳತೆ ನೋಡಿದಳು. ಇಷ್ಟು ತಿಂಗಳಲ್ಲಿ ಒಂದೇ ಹೊತ್ತಿಗೆ ಅಷ್ಟು ನೀರನ್ನು ಅವಳು ಕಣ್ಣಿನಲ್ಲೂ ಕಂಡಿರಲಿಲ್ಲ. ಕಣ್ಣು ಮುಚ್ಚಿ ಕುಡಿದಳು. ಬೆಂಚಿನ ಮೇಲೆ ಕುಳಿತು, ಸೀರೆಯ ಹಿಂಬದಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಒಣಗಿಯೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ಮಗಳ ತೊಡೆಗೆ ತಟ್ಟಿ ನಕ್ಕಳು. ನೀರು ಬಿಟ್ಟಿದ್ದರಿಂದ ನಿಂತಿದ್ದಲ್ಲ, ನಿಜವಾಗಿ ನಿಂತಿದೆ. ಇನ್ನು ಯಾರೂ ಏನೂ ಹೇಳುವಂತಿಲ್ಲ.

ಸ್ಕ್ಯಾನಿಂಗ್ ಡಾಕ್ಟರ್ ಬಲಗಡೆ ನೋಡುವಾಗ ಎಲ್ಲಿಯ ಬಸ್ಸು, ಯಾವ ರೂಟು ಎಂದು ಮಾತಾಡುತ್ತಿದ್ದರು. ಎಡಗಡೆಗೆ ಬಂದಾಗ ಮಾತು ನಿಂತಿತು. ಹೊಟ್ಟೆಯ ಮೇಲಿನ ತಣ್ಣನೆಯ ಯಂತ್ರವನ್ನು ಅಲ್ಲೇ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಮಗ್ಗುಲಾಗಲು ಹೇಳಿದರು. ಮತ್ತೆ ನೋಡಿದರು.

"ಇತ್ತೀಚೆಗೆ ಜ್ವರ ಏನಾದ್ರೂ ಬಂದಿತ್ತಾ ನಿಮಗೆ?"

"ಇಲ್ಲ ಸಾರ್. ನಂಗೆ ವಾಸಿಯಾಗೈತೆ," ಎಂದಳು ಹುಲಿಗೆಮ್ಮ.

ಅವರು ರಿಪೋರ್ಟ್ ಬರೆದು ಕೊಟ್ಟರು.

ಅದರ ಅರ್ಥ ಬಿಡಿಸಿ ಹೇಳಿದವರು ಶ್ರೀವಾಣಿ. ನಾಳದ ಗಾಯ ಮಾಯುವಾಗ ಸುತ್ತ ಗಂಟುಗಟ್ಟಿ ದಾರಿಯನ್ನೇ ಪೂರ್ತಿ ಮುಚ್ಚಿಬಿಟ್ಟಿದೆ. ಸೋರಲು ತೂತಿಲ್ಲ, ಚೀಲಕ್ಕೆ ಹೋಗಲು ದಾರಿಯೂ ಇಲ್ಲ. ಮೇಲಿನ ಮೂತ್ರವೆಲ್ಲ ಹಿಂದಕ್ಕೆ ಒತ್ತಿ ಎಡ ಮೂತ್ರಪಿಂಡ ಊದಿಕೊಂಡಿದೆ. ಹೀಗೇ ಬಿಟ್ಟರೆ ಅದು ಸದ್ದಿಲ್ಲದೆ ಸಾಯುತ್ತದೆ. ಈಗಾಗಲೇ ಎಷ್ಟು ಉಳಿದಿದೆಯೋ ಹೇಳಲಾಗದು.

"ಅಂದ್ರೆ ಮೇಡಂ, ಸೋರ್ತಿದ್ದಾಗಲೇ ಚೆನ್ನಾಗಿದ್ನಾ ನಾನು?" ಎಂದು ಕೇಳಿದಳು ಹುಲಿಗೆಮ್ಮ. ಶ್ರೀವಾಣಿ ಬೆಂಗಳೂರಿನ ಆಸ್ಪತ್ರೆಗೆ ಮತ್ತೆ ಚೀಟಿ ಬರೆದು ಕೊಟ್ಟರು.

ಆ ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಧನ್ಯಶ್ರೀ ಬಸ್ ನಿಲ್ದಾಣದ ಹೋಟೆಲಿನಿಂದ ಇಡ್ಲಿ ತಂದಳು. ಇಡ್ಲಿಯ ಪೊಟ್ಟಣ ಬಿಚ್ಚುವ ಮೊದಲೇ ಜಗಳ ಬಿಚ್ಚಿಕೊಂಡಿತು. ರವಿಕುಮಾರ ಯಾವ ಮೋಟಾರನ್ನೂ ಬಿಚ್ಚಿ ನೋಡದೆ ಕೆಟ್ಟಿದೆ ಎಂದು ಒಪ್ಪಿದವನಲ್ಲ. ಕಣ್ಣಿಗೆ ಕಾಣದ ರೋಗವನ್ನು ಅವನು ಎಲ್ಲಿ ಹಿಡಿಯಬೇಕು?

"ಸೋರ್ತಿದ್ದಾಗ ಕಾಯ್ಲೆ ಅಂದ್ರು. ನಿಂತ್ಮೇಲೂ ಕಾಯ್ಲೆ ಅಂತಾರೆ. ಹಂಗಾದ್ರೆ ಆರೋಗ್ಯ ಅಂದ್ರೆ ಯಾವ್ದು ಕಣೇ? ಅದ್ನ ಹೇಳು ಮೊದ್ಲು."

"ನನ್ನ ಪಥ್ಯದಲ್ಲಿ ವಾಸಿಯಾಯ್ತಲ್ಲ ಅಂತ ಅವ್ರಿಗೆ ಹೊಟ್ಟೆಕಿಚ್ಚು," ಎಂದಳು ಕರಿಬಸಮ್ಮ.

"ಡಾಕ್ಟ್ರಿಗೆ ನಿನ್ನ ಮೆಣಸಿನ ಸಾರಿನ ಮೇಲೆ ಹೊಟ್ಟೆಕಿಚ್ಚಾ ಅಜ್ಜಿ?"

"ನೀನು ಸುಮ್ನಿರೇ. ಎರಡಕ್ಷರ ಓದಿದ್ದಕ್ಕೆ ನಿಮ್ಮಮ್ಮನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿಸ್ತಿದ್ದೀಯ."

ಹುಲಿಗೆಮ್ಮನಿಗೂ ಡಾಕ್ಟರ್ ಮಾತು ಪೂರ್ತಿ ಹಿಡಿದಿರಲಿಲ್ಲ. ಒಣಗಿದ ಹಾಸಿಗೆ ಅವಳ ಕಣ್ಣಿನ ಸಾಕ್ಷಿ. ಊದಿದ ಪಿಂಡ ಯಾರದೋ ಮಾತು. ಆದರೂ ಬೆಂಚಿನ ಮೇಲೆ ಕುಳಿತು ಕುಡಿದ ಆ ಒಂದು ಬಾಟಲಿ ನೀರು ಅವಳ ತಲೆಯಿಂದ ಹೋಗಿರಲಿಲ್ಲ. ಎಡಗಡೆಗೆ ಇಳಿದ ಪಾಲು ಹೊರಗೆ ಬರದಿದ್ದರೆ ಎಲ್ಲಿ ನಿಂತಿತು?

"ಅತ್ತೆ, ಬೀರೂರಲ್ಲಿ ನಲವತ್ತು ಜನ ಹತ್ತಿದ್ರು ಅಂದ್ಕಳಿ. ಮುಂದಿನ ಬಾಗ್ಲಲ್ಲಿ ಇಪ್ಪತ್ತು ಜನ ಇಳುದ್ರು. ಹಿಂದಿನ ಬಾಗ್ಲಲ್ಲಿ ಒಬ್ರೂ ಇಳೀಲಿಲ್ಲ. ಬಸ್ಸು ಖಾಲಿ ಆಯ್ತು ಅಂತೀರಾ?"

"ಖಾಲಿ ಹೆಂಗಾಯ್ತದೆ? ಒಳಗೇ ಅವ್ರಲ್ಲ."

"ಅಷ್ಟೇ ನಾನು ಹೇಳೋದು. ಹಿಂದಿನ ಬಾಗ್ಲು ಜಾಮಾಗೈತೆ. ಒಳಗಿರೋರು ಬಡೀತಾವ್ರೆ. ನಾನು ಹೋಯ್ತೀನಿ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ಮಗಳು ಬತ್ತಾಳೆ."

ಇಡ್ಲಿ ತಣ್ಣಗಾಗಿತ್ತು. ಎಲ್ಲರೂ ಅದನ್ನೇ ತಿಂದರು.

ಬೆಂಗಳೂರಿನ ಡಾಕ್ಟರ್ ಭಾರ್ಗವ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುವವರು. ಒಳಗಿಂದ ಕೊಳವೆ ತೂರಿಸುವ ಪ್ರಯತ್ನ ಫಲಿಸಲಿಲ್ಲ. ದಾರಿ ಕಲ್ಲಿನಂತೆ ಮುಚ್ಚಿತ್ತು. ಹಾಗಾಗಿ ಬೆನ್ನಿನ ಕಡೆಯಿಂದ ನೇರವಾಗಿ ಮೂತ್ರಪಿಂಡಕ್ಕೆ ಒಂದು ಸಣ್ಣ ಕೊಳವೆ ಇಟ್ಟು ಹೊರಗೆ ಚೀಲ ಕಟ್ಟಿದರು. ಇನ್ನು ಕೆಲವು ವಾರ ಕಾಯಬೇಕು ಎಂದರು. ಒತ್ತಡ ಇಳಿದ ಮೇಲೆ ಪಿಂಡ ಎಚ್ಚೆತ್ತು ಮೂತ್ರ ತಯಾರಿಸಿದರೆ ನಾಳವನ್ನು ಹೊಸದಾಗಿ ಸೇರಿಸಬಹುದು. ಎಚ್ಚೆತ್ತುಕೊಳ್ಳದಿದ್ದರೆ ಸೇರಿಸಿ ಪ್ರಯೋಜನವಿಲ್ಲ, ಪಿಂಡವನ್ನೇ ತೆಗೆಯಬೇಕಾದೀತು.

ಹೀಗೆ ಆ ಮನೆಯ ಇಡೀ ಭವಿಷ್ಯ ಹುಲಿಗೆಮ್ಮನ ಸೊಂಟದಲ್ಲಿ ತೂಗುವ ಒಂದು ಪಾರದರ್ಶಕ ಚೀಲಕ್ಕೆ ಬಂದು ನಿಂತಿತು. ಊರಿಗೆ ಮರಳಿದ ಮೊದಲ ದಿನಗಳಲ್ಲಿ ಚೀಲದ ತಳದಲ್ಲಿ ಕದಡಿದ ಬಣ್ಣದ ಚಮಚದಷ್ಟೇ ನೀರು ಕಾಣಿಸುತ್ತಿತ್ತು. ಕರಿಬಸಮ್ಮ ಮೊದಲು ಆ ಚೀಲದೊಂದಿಗೆ ಅಡುಗೆಮನೆಗೆ ಬರಬೇಡವೆಂದಳು, ದೇವರ ಗೂಡಿನ ಮುಂದೆ ಸುಳಿಯಬೇಡವೆಂದಳು. ಮುಸುರೆ ಪಾತ್ರೆಯೆಲ್ಲ ಧನ್ಯಶ್ರೀಯ ಪಾಲಾಯಿತು. ಅವಳು ಅಜ್ಜಿಗೆ ಕೇಳಿಸುವಂತೆ ಪಾತ್ರೆ ಕುಕ್ಕಿದಳು. ರವಿಕುಮಾರ ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆಗೆ ಮೊದಲು ಚೀಲವನ್ನು ನೋಡುತ್ತಿದ್ದ. ಯಾರೂ ನೋಡದಾಗ ಅದನ್ನು ಅಂಗೈಯಲ್ಲಿ ಎತ್ತಿ ಭಾರ ನೋಡುತ್ತಿದ್ದ.

ಒಂದು ಮುಂಜಾನೆ ಕರಿಬಸಮ್ಮ ದೊಡ್ಡ ಸ್ಟೀಲ್ ತಂಬಿಗೆಯ ತುಂಬ ನೀರು ತಂದು ಸೊಸೆಯ ಮುಂದಿಟ್ಟಳು.

"ಕುಡಿ."

"ನೀರು ಕುಡಿದ್ರೆ ಊತ ಬತ್ತದೆ ಅಂತಿದ್ರಲ್ಲ ಅತ್ತೆ."

"ಅವತ್ತು ಗೊತ್ತಿರ್ಲಿಲ್ಲ ಕಣವ್ವ. ಇವತ್ತೂ ಗೊತ್ತಿಲ್ಲ. ಕುಡಿ."

ಹುಲಿಗೆಮ್ಮ ಕುಡಿದಳು. ಅಂದಿನಿಂದ ಅತ್ತೆ ಅವಳ ಹಿಂದೆಯೇ ಬಿದ್ದಳು. ಮಜ್ಜಿಗೆ, ಬಾರ್ಲಿ ಗಂಜಿ, ಎಳನೀರು. ವಾರ ಕಳೆಯುವಷ್ಟರಲ್ಲಿ ಚೀಲದ ಬಣ್ಣ ತಿಳಿಯಾಯಿತು. ಇನ್ನೊಂದು ವಾರಕ್ಕೆ ಚೀಲ ತುಂಬತೊಡಗಿತು. ತುಂಬಿದ ಚೀಲವನ್ನು ಕರಿಬಸಮ್ಮನೇ ಬಚ್ಚಲಿಗೆ ಒಯ್ದು ಬರಿದು ಮಾಡಿ ಬಂದು, ಇವತ್ತು ನಿನ್ನೆಗಿಂತ ಜಾಸ್ತಿ ಎಂದು ಮಗನಿಗೆ ಫೋನ್ ಮಾಡಿದಳು. ಬೇಲಿಯಾಚೆ ನಿಂತ ಹನುಮಂತಮ್ಮನಿಗೆ ತಲೆ ಕೆಟ್ಟುಹೋಯಿತು. ಒಣಗಿದ್ದಕ್ಕೆ ಒಬ್ಬಟ್ಟು ಹಂಚಿದವರು ಈಗ ತುಂಬಿದ್ದಕ್ಕೆ ಕುಣಿಯುತ್ತಾರಲ್ಲ, ಈ ಮನೆಯವರಿಗೆ ಏನಾದರೂ ಮಾಟವಾಗಿದೆಯೇ ಎಂದು ಬೀದಿಯಲ್ಲಿ ಕೇಳಿಕೊಂಡು ಬಂದಳು.

ಆಪರೇಷನ್ನಿನ ಹಿಂದಿನ ದಿನ ಭಾರ್ಗವರ ಕೋಣೆಯಲ್ಲಿ ನಾಲ್ವರೂ ಕುಳಿತಿದ್ದರು. ದೊಡ್ಡದಾಗಿ ಕೊಯ್ಯದೆ ಹೊಟ್ಟೆಯ ಮೇಲೆ ಕೆಲವು ಸಣ್ಣ ರಂಧ್ರ ಮಾಡಿ ರೋಬೋಟಿನ ತೋಳುಗಳನ್ನು ಇಳಿಸುತ್ತೇನೆ ಎಂದರು. ಸೊಂಟದ ಆಳದಲ್ಲಿ ಮನುಷ್ಯನ ಮಣಿಕಟ್ಟು ತಿರುಗದ ಕಡೆ ಆ ತೋಳು ತಿರುಗುತ್ತದೆ, ಸೂಕ್ಷ್ಮವಾಗಿ ಹೊಲಿಯಬಹುದು. ಮುಚ್ಚಿಹೋದ ಕೆಳತುದಿಯನ್ನು ಬಿಟ್ಟು, ಮೂತ್ರದ ಚೀಲವನ್ನು ಸ್ವಲ್ಪ ಮೇಲಕ್ಕೆಳೆದು, ಅದಕ್ಕೆ ನಾಳವನ್ನು ಹೊಸದಾಗಿ ಹೊಲಿಯುವುದು. ಒಳಗೆ ಅಂಟು ಹೆಚ್ಚಿದ್ದರೆ ನಡುವೆ ನಿಲ್ಲಿಸಿ ಹೊಟ್ಟೆ ತೆರೆದೇ ಮಾಡಬೇಕಾಗಬಹುದು. ಅದನ್ನು ಮೊದಲೇ ಹೇಳಿರುತ್ತೇನೆ ಎಂದರು.

ರವಿಕುಮಾರ ಗಂಟಲು ಸರಿಪಡಿಸಿಕೊಂಡ. "ಕರೆಂಟು ಹೋದ್ರೆ ಸಾರ್?"

"ಬ್ಯಾಟರಿ ಇದೆ, ಜನರೇಟರ್ ಇದೆ."

"ಮಿಷನ್ನು ತಾನಾಗೇ ಏನಾದ್ರೂ ಮಾಡ್ಬಿಟ್ರೆ?"

"ನನ್ನ ಬೆರಳು ಅಲುಗಾಡದಿದ್ದರೆ ಅದೂ ಅಲುಗಾಡುವುದಿಲ್ಲ. ನಾನು ಅದೇ ಕೋಣೆಯಲ್ಲಿ, ಸ್ವಲ್ಪ ದೂರದಲ್ಲಿ ಕೂತು ನಡೆಸುತ್ತಿರುತ್ತೇನೆ."

"ಹಂಗಾದ್ರೆ ಆಪರೇಷನ್ ಮಾಡೋರು ನೀವಾ, ಅದಾ? ನಾಳೆ ಹೆಚ್ಚುಕಮ್ಮಿ ಆದ್ರೆ ನಾವು ಯಾರನ್ನ ಕೇಳ್ಬೇಕು?"

"ನನ್ನನ್ನ," ಎಂದರು ಭಾರ್ಗವ. "ತಪ್ಪಾದರೆ ಅದು ನನ್ನದು."

ರವಿಕುಮಾರ ತಾಯಿಯ ಕಡೆ ನೋಡಿದ. ಇಷ್ಟು ತಿಂಗಳಲ್ಲಿ ಆ ಮಾತನ್ನು ಯಾರ ಬಾಯಲ್ಲೂ ಅವನು ಕೇಳಿರಲಿಲ್ಲ. ಒಪ್ಪಿಗೆಯ ಹಾಳೆಗೆ ಹುಲಿಗೆಮ್ಮನೇ ಸಹಿ ಮಾಡಿದಳು.

ಬೆಳಿಗ್ಗೆ ಒಳಗೆ ಒಯ್ದಾಗ ಅವಳು ಆ ಯಂತ್ರವನ್ನು ಕಂಡಳು. ಬಿಳಿಯ ದೊಡ್ಡ ಕಂಬ, ಅದರಿಂದ ಚಾಚಿದ ತೋಳುಗಳು, ಪ್ರತಿ ತೋಳಿಗೂ ಪ್ಲಾಸ್ಟಿಕ್ ಹೊದಿಕೆ. ಮನುಷ್ಯನೂ ಅಲ್ಲ, ಪ್ರಾಣಿಯೂ ಅಲ್ಲ. ಮದುವೆ ಮನೆಗೆ ಬಂದು ಕುರ್ಚಿ ಸಿಗದೆ ನಿಂತ ನೆಂಟನಂತಿತ್ತು. ಮೂಲೆಯಲ್ಲಿ ಭಾರ್ಗವ ಒಂದು ಪೆಟ್ಟಿಗೆಯ ಮುಂದೆ ಬಾಗಿ ಏನನ್ನೋ ಸರಿಪಡಿಸುತ್ತಿದ್ದರು. ಅವರು ಅಷ್ಟು ದೂರ, ಅದು ಇಷ್ಟು ಹತ್ತಿರ. ಯಾರನ್ನು ನೋಡಿ ಧೈರ್ಯ ತಂದುಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ. ತೋಚುವ ಮೊದಲೇ ಕಣ್ಣು ಮುಚ್ಚಿತು.

ಹೊಟ್ಟೆ ತೆರೆಯುವ ಪ್ರಸಂಗ ಬರಲಿಲ್ಲ. ಎಚ್ಚರವಾದಾಗ ಬಾಯಿ ಒಣಗಿತ್ತು, ಮೂತ್ರಕ್ಕೆ ನಳಿಕೆ ಹಾಕಿತ್ತು, ಹೊಟ್ಟೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳಿದ್ದವು. ಸೇರಿಸಿದ್ದಾಗಿದೆ ಎಂದರು ಭಾರ್ಗವ. ಹೊಸ ಜೋಡಣೆ ಮಾಯುವವರೆಗೆ ಒಳಗೊಂದು ಕೊಳವೆ ಇರುತ್ತದೆ, ಆಮೇಲೆ ತೆಗೆಯುತ್ತೇವೆ. ಬೆನ್ನಿನ ಚೀಲ ಹೋಯಿತು. ಕೆಲವು ವಾರಗಳಲ್ಲಿ ಒಳಗಿನ ಕೊಳವೆಯೂ ಹೋಯಿತು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ದಾರಿ ತೆರೆದುಕೊಂಡಿದೆಯೇ, ಆ ದಾರಿಯ ಮೇಲಿನ ಪಿಂಡ ಎಷ್ಟು ಬದುಕಿದೆ?

ಅದನ್ನು ಅಳೆಯುವ 'ನ್ಯೂಕ್ಲಿಯರ್ ಸ್ಕ್ಯಾನ್' ಎಂಬುದನ್ನು ಶಿವಮೊಗ್ಗದಲ್ಲಿ ಮಾಡಿಸಿ, ರಿಪೋರ್ಟ್ ಹಿಡಿದು ಇಡೀ ಸಂಸಾರ ತರೀಕೆರೆಗೆ ಬಂತು. ಶ್ರೀವಾಣಿ ಹಾಳೆಗಳನ್ನು ತಿರುವಿದರು, ಬೆಂಗಳೂರಿಗೆ ಫೋನ್ ಮಾಡಿ ಭಾರ್ಗವರೊಂದಿಗೆ ಮಾತಾಡಿದರು. ಕರಿಬಸಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಮುಖ ಹೂವೂ ಆಗಲಿಲ್ಲ, ಬಾಡಲೂ ಇಲ್ಲ.

"ದಾರಿ ಚೆನ್ನಾಗಿ ತೆರೆದಿದೆ. ಎಲ್ಲೂ ಸೋರಿಕೆ ಇಲ್ಲ, ತಡೆಯೂ ಇಲ್ಲ," ಎಂದರು ಶ್ರೀವಾಣಿ. "ಆದರೆ ಎಡ ಮೂತ್ರಪಿಂಡ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ. ಎರಡೂ ಅರ್ಧರ್ಧ ಹೊರಬೇಕಾದ ಭಾರದಲ್ಲಿ ಇದು ಸುಮಾರು ಮೂರರಲ್ಲಿ ಒಂದು ಪಾಲು ಹೊರುತ್ತಿದೆ. ಹೋದದ್ದು ಮರಳಿ ಬರುವುದಿಲ್ಲ. ಇರುವುದನ್ನು ಕಾಪಾಡಿಕೊಳ್ಳಬಹುದು. ನೀವು ಡ್ಯೂಟಿಗೆ ಹೋಗಬಹುದು. ಆದರೆ ನೀರು ಬಿಡುವಂತಿಲ್ಲ, ಬಸ್ಸು ಕಾದರೂ ಸರಿ. ವರ್ಷಕ್ಕೊಮ್ಮೆ ತೋರಿಸಬೇಕು."

ಧನ್ಯಶ್ರೀ ಅಮ್ಮನ ಕೈ ಹಿಡಿದುಕೊಂಡಳು. ಮೂರರಲ್ಲಿ ಒಂದು ಎಂದರೆ ಗೆದ್ದಂತೆಯೋ ಸೋತಂತೆಯೋ ಎಂದು ರವಿಕುಮಾರ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಮೊದಲ ಸಲ ಟಿಕೆಟ್ ಮಾಡಿದಾಗಲೇ ರೈಲು ಹತ್ತಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಅವನು ಕೇಳಲಿಲ್ಲ. ಆ ಪ್ರಶ್ನೆ ಕೋಣೆಯಲ್ಲಿತ್ತು. ಎಲ್ಲರೂ ಅದನ್ನು ಸುತ್ತಿ ಬಳಸಿ ದಾಟಿದರು.

ಕೊನೆಗೆ ಕರಿಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದಕ್ಕೆ ಬಾಗಿದಳು.

"ಡಾಕ್ಟ್ರೇ, ನಾನು ಓದಿದೋಳಲ್ಲ. ಸೋರಿದಾಗ ಅತ್ವಿ. ನಿಂತಾಗ ನಕ್ವಿ, ಅದೂ ತಪ್ಪಾಯ್ತು. ಚೀಲ ತುಂಬಿದಾಗ ಕುಣುದ್ವಿ. ಈಗ ಅರ್ಧ ಐತೆ, ಅರ್ಧ ಇಲ್ಲ ಅಂತೀರಿ. ಈಗ ನಾವು ನಗ್ಬೇಕೋ, ಅಳ್ಬೇಕೋ? ಅದ್ನಾದ್ರೂ ಸರಿಯಾಗಿ ಹೇಳಿ ಕಳ್ಸಿ."

ಶ್ರೀವಾಣಿ ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಹಾಕಿ ರಿಪೋರ್ಟಿನ ಮೇಲಿಟ್ಟರು.

ಹುಲಿಗೆಮ್ಮ ಎದ್ದು ನಿಂತು, ರಿಪೋರ್ಟನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಅತ್ತೆಯ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದಳು.

"ಎರಡನ್ನೂ ಮನೆಗೆ ಹೋಗಿ ಮಾಡಾಣ ಬನ್ನಿ ಅತ್ತೆ. ಅಜ್ಜಂಪುರದ ಬಸ್ಸಿಗೆ ಹೊತ್ತಾಯ್ತು."